ಬುಧವಾರದ ಕಾಲು

ನೀರು ಬಿಸಿ ಇರಬೇಕು, ಆದ್ರೆ ಸುಡಬಾರದು. ಕುಳ್ಳಿ ಮೊಣಕೈ ಅದ್ದಿ ನೋಡಿದ್ಲು. ಹದವಾಗಿತ್ತು. ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಬಲಗಾಲನ್ನ ಮಾತ್ರ ಟಬ್ಬಿಗೆ ಇಳಿಸಿದ್ಲು. ಬೆರಳ ಬುಡದಿಂದ ತೊಡೆ ತನಕ ಬಿಳೀ ಪ್ಲಾಸ್ಟರ್. ಮೂರು ತಿಂಗಳ ಕೂಸಿಗೆ ಅದು ಕಾಲಲ್ಲ, ಒನಕೆ.

ಮಗೂಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹುಟ್ಟಿದ ಗಳಿಗೆಯಿಂದ ಆ ಗಂಟಲು ಕೇಳಿ ಅತ್ತೆ "ಮೆಣಸಿನಕಾಯಿ ಹುಟ್ಟಿದೆ ಕಣೇ" ಅಂದಿದ್ರು. ಅದೇ ನಿಂತು ಮೆಣಸಿ ಆಯ್ತು.

"ಬೆಳಗಿನ ಐದು ಗಂಟೆಗೆ ಮಗೂನ ಕಾಲು ನೆನೆಹಾಕೋ ತಾಯೀನ ನಾನು ಎಲ್ಲೂ ಕಂಡಿಲ್ಲ" ಅಂದ್ರು ಅತ್ತೆ, ಬಾಗಿಲ ಹತ್ರ ಕೂತು.

"ಹೋಗೋ ದಿನ ಮನೇಲೇ ಬಿಚ್ಕೊಂಡು ಬನ್ನಿ ಅಂದಿದಾರಲ್ಲ ಅತ್ತೆ. ಅಲ್ಲಿ ಬಿಚ್ಚೋಕೆ ಕೂತ್ರೆ ಹೊತ್ತಾಗುತ್ತಂತೆ."

"ಯಾರ ಹೊತ್ತು?"

"ಡಾಕ್ಟ್ರದ್ದು."

"ನಿನ್ನದು ಹೊತ್ತಲ್ವಾ?"

ಕುಳ್ಳಿ ನಕ್ಕಳು. ಪ್ಲಾಸ್ಟರು ಮೆತ್ತಗಾಗ್ತಾ ಬಂತು. ಪ್ಲಾಸ್ಟರ್ ಹಾಕೋ ಅಣ್ಣ ಕೊನೇ ಸುತ್ತಿನ ತುದೀನ ಹುರಿ ಮಾಡಿ ಒಂದು ಪುಟ್ಟ ಬಾಲ ಬಿಟ್ಟಿರ್ತಿದ್ದ, ಮನೇಲಿ ಬಿಚ್ಚೋರಿಗೆ ತುದಿ ಹುಡುಕೋ ಕಷ್ಟ ಬೇಡ ಅಂತ. ಆ ಬಾಲ ಹಿಡಿದು ಅವಳು ಸುತ್ತು ಬಿಚ್ತಾ ಹೋದ್ಲು. ಟಬ್ಬಿನ ನೀರು ಹಾಲಾಯ್ತು. ಒಳಗಿನ ಹತ್ತಿ ಬಂತು. ಆಮೇಲೆ ಪಾದ ಬಂತು.

ಹುಟ್ಟಿದಾಗ ಆ ಪಾದ ಒಳಕ್ಕೆ ಮಡಚ್ಕೊಂಡು ಅಂಗಾಲು ಇನ್ನೊಂದು ಕಾಲನ್ನೇ ನೋಡ್ತಿತ್ತು. ನರ್ಸು "ಸೊಟ್ಟಗಾಲು ಕಣಮ್ಮ, ವಾರಕ್ಕೊಂದು ಪ್ಲಾಸ್ಟರ್ ಹಾಕಿಸ್ತಾ ಹೋದ್ರೆ ಆರೇಳು ವಾರಕ್ಕೆ ನೆಟ್ಟಗಾಗುತ್ತೆ, ಆಮೇಲೆ ಹಿಮ್ಮಡಿ ನರಕ್ಕೆ ಒಂಚೂರು ಕತ್ತರಿ, ಆಮೇಲೆ ಕಂಬಿ ಹಾಕಿದ ಬೂಟು. ನಿನ್ನ ಮಗಳು ಓಡ್ತಾಳೆ" ಅಂದಿದ್ಲು. ಓಡ್ತಾಳೆ ಅನ್ನೋ ಆ ಒಂದು ಮಾತನ್ನ ಕುಳ್ಳಿ ಸೆರಗಲ್ಲಿ ಗಂಟು ಹಾಕ್ಕೊಂಡಿದ್ಲು. ಈಗ ಮೂರು ಪ್ಲಾಸ್ಟರ್ ಮುಗಿದಿತ್ತು. ಪಾದ ಹೊರಕ್ಕೆ ತಿರುಗ್ತಾ ಬಂದು, ಇನ್ನೊಂದು ಕಾಲಿನ ಜೊತೆ ಜಗಳ ಬಿಟ್ಟ ಹಾಗೆ ಇತ್ತು.

"ನೋಡಿ ಅತ್ತೆ. ನೆಟ್ಟಗಾಗ್ತಾ ಇದೆ."

ಅತ್ತೆ ಬಗ್ಗಿ ನೋಡಿದ್ರು. "ಹೂಂ" ಅಂದ್ರು. ಹೊಗಳೋ ಅಭ್ಯಾಸ ಅವರಿಗಿಲ್ಲ, ಆದ್ರೂ ಆ ಪಾದಾನ ಒಂದ್ಸಲ ಮುಟ್ಟಿ ಕೈನ ಕಣ್ಣಿಗೊತ್ಕೊಂಡ್ರು.

ಎರಡು ಬಸ್ಸು ಹತ್ತಿ ಕುಳ್ಳಿ ದೊಡ್ಡಾಸ್ಪತ್ರೆ ಮುಟ್ಟಿದಾಗ ಒಂಬತ್ತಾಗಿತ್ತು. ಪ್ಲಾಸ್ಟರ್ ರೂಮಿಗೆ ಬೀಗ. ಓಣಿಯ ಬೆಂಚಲ್ಲಿ ಏಳು ಜನ ತಾಯಂದಿರು, ಜೊತೆಗೆ ಆಟೋ ಓಡಿಸೋ ಒಬ್ಬ ಅಪ್ಪ. ಅವಳಿ ಮಕ್ಕಳ ತಾಯಿಗೆ ಒಂದು ಮಡಿಲು ಸಾಲದೆ ಒಂದನ್ನ ಆಟೋದವನು ಎತ್ಕೊಂಡಿದ್ದ. ಎಲ್ಲಾ ಮಕ್ಕಳ ಕಾಲೂ ಬರಿಗಾಲು. ಎಲ್ಲಾರೂ ಬೆಳಗ್ಗೆ ಎದ್ದು ನೆನೆಸಿ ಬಿಚ್ಕೊಂಡು ಬಂದೋರೇ.

ಹನ್ನೊಂದಕ್ಕೆ ಚೀಟಿ ಬರೆಯೋನು ಬಂದು ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಇವತ್ತು ಪ್ಲಾಸ್ಟರ್ ಇಲ್ಲ.

"ಯಾಕಣ್ಣ?"

"ಪ್ಲಾಸ್ಟರ್ ಹಾಕೋನು ಬಂದಿಲ್ಲ. ಮುಂದಿನ ಬುಧವಾರ ಬನ್ನಿ."

"ಕಾಲು ಬಿಚ್ಕೊಂಡು ಬಂದಿದೀವಲ್ಲ. ಒಂದು ವಾರ ಹಿಂಗೇ ಬಿಟ್ರೆ ವಾಪಸ್ ತಿರುಗಲ್ವಾ?"

"ನಿಮ್ಮನ್ನ ಯಾರು ಬಿಚ್ಚೋಕೆ ಹೇಳಿದ್ದು?"

"ನೀವೇ ಅಲ್ವಾ?" ಅಂದ್ಲು ಅವಳಿ ತಾಯಿ. "ನಿಮ್ಮ ಬಾಯಲ್ಲೇ ಹೇಳಿದ್ದು. ಬಿಚ್ಕೊಂಡು ಬರ್ದಿದ್ರೆ ಒಳಗೆ ಬಿಡಲ್ಲ ಅಂತ."

ಅವನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಗೋಂದಿನ ಡಬ್ಬಿ ಎತ್ಕೊಂಡು ಹೊರಟೇ ಹೋದ.

*

ಕುಳ್ಳಿ ಕೆಲಸ ಮಾಡ್ತಿದ್ದದ್ದು ಒಂದು ಲಾಂಡ್ರಿಯಲ್ಲಿ. ಲಾಡ್ಜು, ಹಾಸ್ಟೆಲ್ಲು, ನರ್ಸಿಂಗ್ ಹೋಮುಗಳ ಬೆಡ್‌ಶೀಟು ಗಂಟುಗಟ್ಟಲೆ ಬರೋವು. ಒಗೆದು ಇಸ್ತ್ರಿ ಆದ್ಮೇಲೆ ಇಬ್ಬಿಬ್ಬರು ಜೋಡಿ ನಿಂತು ಮಡಚಬೇಕು. ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು. ಎಳಿ, ಕೊಡವು, ಸೇರಿಸು, ಮತ್ತೆ ಎಳಿ. ಕುಳ್ಳಿಯ ಜೋಡಿ ಉದ್ದಕ್ಕ. ಒಬ್ಬಳು ನಾಲ್ಕೂಮುಕ್ಕಾಲು ಅಡಿ, ಇನ್ನೊಬ್ಬಳು ತಲೆ ಬಗ್ಗಿಸಿ ಬಾಗಿಲು ದಾಟೋಳು. ಅವರಿಬ್ಬರ ಮಧ್ಯೆ ಬೆಡ್‌ಶೀಟು ಯಾವಾಗ್ಲೂ ಜಾರುಬಂಡಿ. ಆದ್ರೂ ಇಡೀ ಲಾಂಡ್ರಿಗೇ ಬೇಗ ಮಡಚೋ ಜೋಡಿ ಅವರದ್ದೇ.

ತೊಂದ್ರೆ ಏನಂದ್ರೆ, ಒಬ್ಬಳು ಇಲ್ಲ ಅಂದ್ರೆ ಇನ್ನೊಬ್ಬಳಿಗೂ ಕೆಲಸ ಇಲ್ಲ. ಕುಳ್ಳಿ ಆಸ್ಪತ್ರೆಗೆ ಹೋದ ಬುಧವಾರವೆಲ್ಲಾ ಮೇಸ್ತ್ರಿ ಉದ್ದಕ್ಕನಿಗೂ ಅರ್ಧ ದಿನದ ಕೂಲೀನೇ ಹಾಕ್ತಿದ್ದ.

"ಎಷ್ಟು ವಾರ ಅಂದಿದ್ದೆ ನೀನು?" ಉದ್ದಕ್ಕ ಮುಖ ಊದಿಸ್ಕೊಂಡು ಕೇಳಿದ್ಲು.

"ಆರೋ ಏಳೋ."

"ಈಗ?"

"ಒಂದು ವಾರ ಹೋಯ್ತಲ್ಲಕ್ಕ. ಸೇರಿಸ್ಕೋಬೇಕು."

"ನೀನಿಲ್ದಾಗ ಆ ಕಡೆ ತುದೀನ ಗೋಡೆಗೆ ಮೊಳೆ ಹೊಡೆದು ಕಟ್ಲಾ? ನಿನ್ನ ಮಗಳ ಕಾಲು ನೆಟ್ಟಗಾಗೋ ಹೊತ್ತಿಗೆ ನನ್ನ ಸಂಸಾರ ಸೊಟ್ಟಗಾಗುತ್ತೆ."

ಹಾಗಂದೋಳೇ ಮಧ್ಯಾಹ್ನ ತನ್ನ ಬುತ್ತಿಯಲ್ಲಿ ಅರ್ಧ ತೆಗೆದು ಕುಳ್ಳಿ ಮುಂದೆ ತಳ್ಳಿದ್ಲು. "ತಿನ್ನು. ಹಾಲು ಕುಡಿಸೋಳು."

ಆ ವಾರ ಪೂರ್ತಿ ಕುಳ್ಳಿ ಮಗೂನ ಪಾದಾನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದ್ಲು. ಶುಕ್ರವಾರ ಏನೂ ಕಾಣಲಿಲ್ಲ. ಶನಿವಾರ ಹೆಬ್ಬೆರಳು ಒಂಚೂರು ಒಳಕ್ಕೆ ಬಂದಂಗೆ ಅನ್ನಿಸ್ತು. ಸೋಮವಾರ ಅನುಮಾನ ಉಳಿಯಲಿಲ್ಲ. ಬಟ್ಟೆ ಸುತ್ತಿ ಕಟ್ಟಿ ನೋಡಿದ್ಲು. ಕೈಯಲ್ಲೇ ಹಿಡ್ಕೊಂಡು ಕೂತು ನೋಡಿದ್ಲು. ಕೈ ಬಿಟ್ಟ ತಕ್ಷಣ ಪಾದ ಮೆಲ್ಲಗೆ, ತನ್ನ ಹಳೇ ಜಾಗಕ್ಕೇ ಹೊರಳ್ತಿತ್ತು.

ಮುಂದಿನ ಬುಧವಾರ ರೂಮು ತೆಗೆದಿತ್ತು. ದೊಡ್ಡ ಡಾಕ್ಟ್ರು ಮೆಣಸಿ ಕಾಲನ್ನ ಒಂದ್ಸಲ ಆ ಕಡೆ ಈ ಕಡೆ ತಿರುಗಿಸಿದ್ರು.

"ಇದೇನಮ್ಮ ಇದು? ಎಲ್ಲಾ ಹಾಳಾಗಿದೆ. ಪ್ಲಾಸ್ಟರ್ ಯಾವಾಗ ಬಿಚ್ಚಿದ್ದು?"

"ಹೋದ ಬುಧವಾರ ಸಾರ್. ಇಲ್ಲಿ ಬೀಗ..."

"ಹೋದ ಬುಧವಾರ." ಡಾಕ್ಟ್ರು ಫೈಲಲ್ಲಿ ಏನೋ ಬರೆದ್ರು, ಬರ್ದು ಅಡಿಗೆರೆ ಎಳೆದ್ರು. "ಮತ್ತೆ ಎರಡನೇದರಿಂದ ಶುರು ಮಾಡ್ಬೇಕು. ನೀವು ಹಿಂಗೆ ಮಾಡಿದ್ರೆ ನಾವೇನು ಮಾಡಕ್ಕಾಗುತ್ತೆ?"

ಹೊರಗೆ ಚೀಟಿಯವನು ಮೆತ್ತಗೆ ಹೇಳಿದ. "ನೋಡಮ್ಮ, ಇಂಥ ಗುರುತು ಮೂರು ಬಿದ್ರೆ ಪುಕ್ಕಟೆ ಲಿಸ್ಟಿಂದ ಮಗೂನ ಹೆಸರು ಹೊಡೆದು ಹಾಕ್ತಾರೆ. ನಿನಗೆ ಅಷ್ಟು ಅವಸರ ಇದ್ರೆ ಡಾಕ್ಟ್ರ ನರ್ಸಿಂಗ್ ಹೋಮಿದೆ. ಎರಡು ಬೀದಿ ಆಚೆ. ಅಲ್ಲಿ ಒಂದು ವಾರಾನೂ ತಪ್ಪಲ್ಲ." ಒಂದು ಕಾರ್ಡು ಕೊಟ್ಟ. ದಪ್ಪ ಕಾಗದ, ಮೂಲೇಲಿ ನಗೋ ಮಗೂನ ಚಿತ್ರ.

ಕಾರ್ಡಲ್ಲಿದ್ದ ಮಗು ನಿಂತಿತ್ತು. ಎರಡು ಕಾಲ ಮೇಲೂ ನಿಂತಿತ್ತು. ಕುಳ್ಳಿ ಅದನ್ನ ಬಸ್ಸಲ್ಲಿ ತುಂಬಾ ಹೊತ್ತು ನೋಡ್ತಾ ಇದ್ಲು.

*

ಅದರ ಮುಂದಿನ ಬುಧವಾರ ಮತ್ತೆ ಬೀಗ. ಮತ್ತೆ ಅದೇ ಕಾಗದ. ಮತ್ತೆ ಅಷ್ಟೂ ಮಕ್ಕಳ ಕಾಲು ಬರಿದು.

"ಒಂದು ವಾರ ಹಾಕೋದು, ಒಂದು ವಾರ ಬಿಚ್ಚೋದು. ನಮ್ಮನ್ನ ಮಂಗನ್ನ ಮಾಡ್ತಾ ಇದಾರೆ" ಅಂದ ಆಟೋದವನು. ಆದ್ರೆ ಯಾಕೆ ಮಾಡ್ತಿದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಮಗೂನ ಅತ್ತೆ ಕೈಗೆ ಕೊಟ್ಟು ಕುಳ್ಳಿ ಮಧ್ಯಾಹ್ನ ಲಾಂಡ್ರಿಗೆ ಹೋದ್ಲು. ಹೊತ್ತು ಮೀರಿ ಬಂದೋರಿಗೆ ಮಡಚೋ ಕೆಲಸ ಸಿಗಲ್ಲ. ಗಂಟು ಬಿಚ್ಚಿ ಕೊಳೆ ಬಟ್ಟೆ ವಿಂಗಡಿಸೋದು ಸಿಗುತ್ತೆ. ಯಾರಿಗೂ ಬೇಡದ ಕೆಲಸ ಅದು. ರಕ್ತದ್ದು ಒಂದು ಕಡೆ, ಔಷಧದ್ದು ಒಂದು ಕಡೆ, ಎಣ್ಣೇದು ಒಂದು ಕಡೆ, ಉಳಿದಿದ್ದರ ಹೆಸರು ಹೇಳದೆ ಇರೋದೇ ಒಳ್ಳೇದು. ಉದ್ದಕ್ಕನೂ ಅಲ್ಲೇ ಇದ್ಲು, ಮೂಗಿಗೆ ಬಟ್ಟೆ ಕಟ್ಕೊಂಡು.

ಮೂರು ಗಂಟೆಗೆ ವ್ಯಾನು ಹೊಸ ಗಂಟು ತಂದು ಹಾಕಿತು. ಕುಳ್ಳಿ ಒಂದನ್ನ ಬಿಚ್ಚಿ ಕೊಡವಿದ್ಲು. ಬಿಳೀ ಪುಡಿ ಉದುರಿತು. ಬೆಡ್‌ಶೀಟಿನ ನಡುವೆ ಗಟ್ಟಿಯಾದ ಬಿಳೀ ಹನಿಗಳು, ಸಾಲಾಗಿ.

"ಅದನ್ನ ಬೇರೆ ಇಡು" ಅಂದ್ಲು ಉದ್ದಕ್ಕ. "ಹಿಟ್ಟಿನ ಥರ ಅದು. ನೀರಿಗೆ ಹಾಕಿದ್ರೆ ಮೋರಿ ಕಟ್ಕೊಳ್ಳುತ್ತೆ. ಈಗೀಗ ಬರೋಕೆ ಶುರುವಾಗಿದೆ."

ಕುಳ್ಳಿ ಒಂದು ಹನೀನ ಉಗುರಲ್ಲಿ ಕೆರೆದ್ಲು. ಮೂಸಿದ್ಲು. ಎಷ್ಟೋ ಬೆಳಗು ಆ ಟಬ್ಬಿನ ಮುಂದೆ ಕೂತಿದಾಳೆ ಅವಳು. ಕಣ್ಣು ಮುಚ್ಚಿದ್ರೂ ಆ ವಾಸನೆ ಗೊತ್ತು, ಗೋಡೆಗೆ ಸುಣ್ಣ ಬಳಿದ ರೂಮಲ್ಲಿ ಹಸಿ ಬಟ್ಟೆ ಹರವಿದ ಹಾಗೆ.

"ಅಕ್ಕ. ಇದು ಪ್ಲಾಸ್ಟರ್."

"ಏನಾದ್ರೂ ಆಗ್ಲಿ, ಬೇರೆ ಇಡು."

ಇನ್ನೊಂದು ಬೆಡ್‌ಶೀಟು ಬಿಚ್ಚಿದಾಗ ಮಡಿಕೆಯೊಳಗಿಂದ ಹರಿದ ಕವರೊಂದು ಬಿತ್ತು. ಪ್ಲಾಸ್ಟರ್ ರೋಲಿನ ಕವರು. ಪ್ಲಾಸ್ಟರಣ್ಣ ಯಾವಾಗ್ಲೂ ಕೈ ಒದ್ದೆ ಅಂತ ಅದನ್ನ ಹಲ್ಲಲ್ಲೇ ಕಚ್ಚಿ ಹರೀತಿದ್ದ. ಇದರ ಮೂಲೇಲೂ ಹಲ್ಲಿನ ಗುರುತು. ಮೇಲೆ ಕೆಂಪು ಸೀಲು. ಅವಳು ಓದಿದ್ದು ಏಳನೇ ಕ್ಲಾಸು, ಅಷ್ಟು ಸಾಕಾಗಿತ್ತು. ದೊಡ್ಡಾಸ್ಪತ್ರೆ ಸರಬರಾಜು. ಮಾರಾಟಕ್ಕಲ್ಲ.

ಕುಳ್ಳಿ ಕವರನ್ನ ಉದ್ದಕ್ಕನ ಮುಂದೆ ಹಿಡಿದ್ಲು.

"ಅಕ್ಕ, ಈ ಗಂಟು ಎಲ್ಲಿಂದ ಬಂದಿದ್ದು?"

ಉದ್ದಕ್ಕ ಗಂಟಿನ ಚೀಟಿ ತಿರುವಿದ್ಲು. ಕಾರ್ಡಲ್ಲಿದ್ದ ಅದೇ ನರ್ಸಿಂಗ್ ಹೋಮು. ಇವತ್ತಿನದೇ ತಾರೀಕು.

"ಈಗೀಗ ಶುರುವಾಗಿದೆ ಅಂದ್ಯಲ್ಲ. ಯಾವಾಗಿನಿಂದ?"

"ಇದು ಎರಡನೇ ಸಲ. ಎರಡು ವಾರದ ಹಿಂದೆ ಒಂದ್ಸಲ ಬಂದಿತ್ತು. ಅವತ್ತೂ ಬುಧವಾರಾನೇ. ನೀನಿಲ್ಲ ಅಂತ ನನ್ನನ್ನ ಇಲ್ಲಿ ಕೂರಿಸಿದ್ರಲ್ಲ, ಹೆಂಗೆ ಮರೀಲಿ?"

ಕುಳ್ಳಿ ಗಂಟಿನ ಮೇಲೇ ಕೂತುಬಿಟ್ಲು. ಅವಳ ಮಗಳ ಕಾಲು ಬರಿದಾಗಿದ್ದ ಎರಡೂ ಬುಧವಾರ ಈ ಬೆಡ್‌ಶೀಟಿಗೆ ಪ್ಲಾಸ್ಟರ್ ಹತ್ತಿತ್ತು. ಬೀಗ ಹಾಕ್ಕೊಂಡು ಪ್ಲಾಸ್ಟರಣ್ಣ ಎಲ್ಲೂ ಮಾಯ ಆಗಿರಲಿಲ್ಲ. ಎರಡು ಬೀದಿ ಆಚೆ ದುಡ್ಡು ಕೊಟ್ಟೋರ ಮಕ್ಕಳಿಗೆ ಇವರ ಮಕ್ಕಳ ಪ್ಲಾಸ್ಟರ್ ಹಾಕ್ತಾ ಇದ್ದ. ಇತ್ತ ಇವರ ಮಕ್ಕಳ ಫೈಲಲ್ಲಿ ಅಡಿಗೆರೆ ಬೀಳ್ತಾ ಇತ್ತು. ಮೂರು ಬಿದ್ರೆ ಹೆಸರು ಹೋಗುತ್ತೆ. ಹೆಸರು ಹೋದೋರ ಕೈಗೆ ಕಾರ್ಡು ಬರುತ್ತೆ.

ಉದ್ದಕ್ಕ ಮೂಗಿನ ಬಟ್ಟೆ ಕೆಳಗೆ ಎಳ್ಕೊಂಡು ಕೇಳಿದ್ಲು. "ಯಾಕೆ ಹಂಗೆ ಕೂತೆ?"

ಕುಳ್ಳಿ ಹೇಳಿದ್ಲು. ಎಲ್ಲಾ ಕೇಳಿ ಉದ್ದಕ್ಕ ಆ ಬೆಡ್‌ಶೀಟನ್ನ ತೆಗೆದು ಬೇರೆ ಇಟ್ಲು. ಆಮೇಲೆ, "ಅಂದ್ರೆ ನನ್ನ ಅರ್ಧ ದಿನಗಳನ್ನ ತಿಂದಿದ್ದು ನಿನ್ನ ಮಗಳಲ್ಲ" ಅಂದ್ಲು.

*

ಮುಂದಿನ ಬುಧವಾರ ರೂಮು ತೆಗೆದಿತ್ತು. ಡಾಕ್ಟ್ರು ಎರಡನೇ ಅಡಿಗೆರೆ ಎಳೆದು ಹೊರಗೆ ಹೋದ್ರು. ಅವರು ಯಾವಾಗ್ಲೂ ಅಷ್ಟೇ, ಬರೆಯೋರು, ಸಹಿ ಹಾಕೋರು. ಕಾಲು ನೀವಿ, ತಿರುಗಿಸಿ, ಸುತ್ತೋ ಕೆಲಸ ಎಲ್ಲಾ ಪ್ಲಾಸ್ಟರಣ್ಣನದೇ.

ಅವನು ಐವತ್ತರ ಹತ್ತಿರದ ಮನುಷ್ಯ. ಉಗುರ ಸಂದಿಯಲ್ಲಿ ಸದಾ ಬಿಳುಪು. ಅವನು ಸುತ್ತೋವಾಗ ಪಾದಾನ ಯಾರಾದ್ರೂ ಹಿಡೀಬೇಕಿತ್ತು. ಹಿಡಿಯೋಕೆ ಆಸ್ಪತ್ರೆ ಆಳು ಕೊಟ್ಟಿರಲಿಲ್ಲ, ಹಾಗಾಗಿ ತಾಯಂದಿರಿಗೇ ಕಲಿಸಿದ್ದ. "ಹೆಬ್ಬೆರಳು ಪಾದದ ಹೊರಮಗ್ಗುಲಲ್ಲಿ ಉಬ್ಬಿದ ಈ ಎಲುಬಿನ ಗುಬುಟಿನ ಮೇಲೆ. ಹಿಮ್ಮಡಿ ಮುಟ್ಟಬೇಡ. ಮುಂಗಾಲು ಹೊರಕ್ಕೆ, ಮೆತ್ತಗೆ. ಜೋರು ಮಾಡಿದ್ರೆ ಕಾಲು ಮುನಿಸ್ಕೊಳ್ಳುತ್ತೆ." ಕುಳ್ಳಿ ಕೈ ಚೆನ್ನಾಗಿ ಕೂತಿತ್ತು.

ಅವಳು ಮೆಣಸಿ ಪಾದ ಹಿಡ್ಕೊಂಡೇ ಕೇಳಿದ್ಲು. "ಅಣ್ಣ, ಹೋದ ವಾರ ಎಲ್ಲಿದ್ರಿ?"

"ಹುಷಾರಿರಲಿಲ್ಲ."

ಅವಳು ಇನ್ನೊಂದು ಕೈಯಿಂದ ಸೊಂಟದಲ್ಲಿದ್ದ ಕವರು ತೆಗೆದು ಮೇಜಿನ ಮೇಲಿಟ್ಲು. ಹಲ್ಲಿನ ಗುರುತು ಮೇಲೆ ಮಾಡಿ.

ಪ್ಲಾಸ್ಟರಣ್ಣ ಸುತ್ತೋದು ನಿಲ್ಲಿಸಿದ. ಬಾಗಿಲ ಕಡೆ ನೋಡಿದ. ಮತ್ತೆ ಸುತ್ತೋಕೆ ಶುರು ಮಾಡಿದ, ಪ್ಲಾಸ್ಟರ್ ಕಾಯಲ್ವಲ್ಲ.

"ನಾನು ಕಂತ್ರಾಟಿನೋನು ತಾಯಿ. ವರ್ಷಾ ವರ್ಷಾ ಅವರು ಸಹಿ ಹಾಕಿದ್ರೆ ನನಗೆ ಕೆಲಸ. ಅಲ್ಲಿಗೆ ಬಾ ಅಂದ್ರೆ ಹೋಗ್ಬೇಕು. ರೋಲಿನ ಡಬ್ಬ ತಗೊಂಡು ಬಾ ಅಂದ್ರೆ ತಗೊಂಡೇ ಹೋಗ್ಬೇಕು."

"ನನ್ನ ಫೈಲಲ್ಲಿ ಏನು ಬರೆದಿದಾರೆ?"

ಅವನು ಓರೆಗಣ್ಣಲ್ಲಿ ಓದಿದ. ಓದಿ ಮತ್ತೆ ಸುತ್ತೋಕೆ ಬಗ್ಗಿದ.

"ಹೇಳಣ್ಣ."

"ತಾಯಿಯ ಬೇಜವಾಬ್ದಾರಿ. ಮನೆಯಲ್ಲೇ ಪ್ಲಾಸ್ಟರ್ ಕಿತ್ತಿದ್ದಾರೆ."

ಕುಳ್ಳಿ ಕೈ ಅಲ್ಲಾಡಲಿಲ್ಲ. ಹೆಬ್ಬೆರಳು ಗುಬುಟಿನ ಮೇಲೇ ಇತ್ತು. ಕಣ್ಣು ಮಾತ್ರ ತುಂಬಿ ಬಂತು. "ನಾನು ಏಳನೇ ಕ್ಲಾಸಿನ ತನಕ ಓದಿದೀನಿ ಅಣ್ಣ. ನನ್ನ ಹೆಸರ ಮುಂದೆ ಹಂಗೆ ಯಾರೂ ಬರೆದಿರಲಿಲ್ಲ."

"ಎಲ್ಲಾರ ಫೈಲಲ್ಲೂ ಅದೇ ಇದೆ ತಾಯಿ" ಅಂದ ಅವನು, ತಲೆ ತಗ್ಗಿಸಿ.

ಅವನು ಅಷ್ಟು ಹೇಳಿದ್ದು ಸಮಾಧಾನಕ್ಕೆ. ಆದ್ರೆ ಕುಳ್ಳಿ ಅದನ್ನ ಹಂಗೇ ಹೊರಗೆ ಓಣಿಗೆ ತಗೊಂಡು ಹೋದ್ಲು. ಬೆಂಚಲ್ಲಿ ಕೂತೋರಿಗೆ ಒಬ್ಬೊಬ್ಬರಿಗೂ ಹೇಳಿದ್ಲು, ನರ್ಸಿಂಗ್ ಹೋಮಿನ ಗಂಟಲ್ಲಿ ಸಿಕ್ಕ ಕವರಿನ ಕಥೇನೂ ಸೇರಿಸಿ. ತಮ್ಮ ತಲೆ ಮೇಲೆ ಗೂಬೆ ಕೂರಿಸಿದಾರೆ ಅಂತ ಆಗ ಎಲ್ಲಾರಿಗೂ ಗೊತ್ತಾಯ್ತು. ಪ್ರತಿಯೊಬ್ಬಳೂ ತನ್ನದೊಂದೇ ತಪ್ಪು ಅಂದ್ಕೊಂಡು ಮನೇಲಿ ಗಂಡನಿಗೂ ಹೇಳದೆ ನುಂಗ್ಕೊಂಡಿದ್ಲು.

"ನಾನು ನೀರು ಜಾಸ್ತಿ ಬಿಸಿ ಮಾಡಿದ್ದಕ್ಕೇ ಕಾಲು ತಿರುಗಿತು ಅಂದ್ಕೊಂಡಿದ್ದೆ" ಅಂದ್ಲು ಒಬ್ಬಳು.

"ನಾನು ಅತ್ತಿದ್ದೇ ಅತ್ತಿದ್ದು. ನಮ್ಮತ್ತೆಯಂತೂ ನೀನು ಬಸುರಿಯಾಗಿದ್ದಾಗ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದಕ್ಕೇ ಇದು ವಾಸಿ ಆಗ್ತಿಲ್ಲ ಅಂತ ಶುರು ಮಾಡಿದಾರೆ."

"ನಾನು ಎರಡು ಕಾಲೂ ಹಾಕ್ಕೊಂಡಿದ್ದೆ ಅಂತ ಕಾಣುತ್ತೆ, ಅದಕ್ಕೇ ಎರಡು ಹುಟ್ಟಿದ್ವು" ಅಂದ್ಲು ಅವಳಿ ತಾಯಿ. ನಗಬಾರದ ಹೊತ್ತಲ್ಲಿ ಎಲ್ಲಾರೂ ನಕ್ಕರು. ನಕ್ಕಿದ್ದಕ್ಕೆ ಧೈರ್ಯ ಬಂತೋ, ಧೈರ್ಯ ಬಂದಿದ್ದಕ್ಕೆ ನಕ್ಕರೋ.

"ಮೇಲಿನೋರಿಗೆ ಅರ್ಜಿ ಕೊಡೋಣ" ಅಂದ ಆಟೋದವನು.

"ಕೊಡೋಣ. ಅದಕ್ಕೆ ಉತ್ತರ ಬರೋ ಹೊತ್ತಿಗೆ ಮಕ್ಕಳು ಮದುವೆ ವಯಸ್ಸಿಗೆ ಬಂದಿರ್ತಾರೆ. ಎಲುಬು ಮೆತ್ತಗಿರೋದು ಈಗ" ಅಂದ್ಲು ಕುಳ್ಳಿ. ಆಮೇಲೆ ಅವಳಿಗೇ ಆಶ್ಚರ್ಯ ಆಗೋ ಹಾಗೆ ಮುಂದಿನ ಮಾತು ಬಾಯಿಗೆ ಬಂತು. "ನಾವು ಮನೇಲಿ ಬಿಚ್ಚೋದೇ ಬೇಡ."

"ಆಂ?"

"ಬಿಚ್ಚೋದು ಬೇಡ. ಅವರ ಆಟ ಎಲ್ಲಾ ನಡೀತಿರೋದು ನಾವು ಬೆಳಗ್ಗೆ ಎದ್ದು ಬಿಚ್ಚೋದರ ಮೇಲೆ. ಪ್ಲಾಸ್ಟರ್ ಹಂಗೇ ಇಟ್ಕೊಂಡು ಬರೋಣ. ಬೀಗ ಇದ್ರೂ ಕಾಲು ತಿರುಗಲ್ಲ. ಟಬ್ಬು ತರೋಣ. ಪ್ಲಾಸ್ಟರಣ್ಣ ಎದುರಿಗೆ ಕೂತು ರೋಲು ಕೈಗೆತ್ಕೊಂಡ ಮೇಲೇ ಕಾಲು ನೀರಿಗೆ."

"ಒಳಗೆ ಬಿಡಲ್ಲ ಅಂದ್ರೆ?"

"ಒಬ್ಬಳಾದ್ರೆ ಬಿಡಲ್ಲ."

*

ಅದರ ಮುಂದಿನ ಬುಧವಾರ ಬೆಳಗ್ಗೆ ಕುಳ್ಳಿ ಮಗೂನ ಎತ್ಕೊಂಡು, ಕಂಕುಳಲ್ಲಿ ಟಬ್ಬು ಇಟ್ಕೊಂಡು ಬಸ್‌ಸ್ಟಾಪಿಗೆ ಬಂದಾಗ ಅಲ್ಲಿ ಉದ್ದಕ್ಕ ನಿಂತಿದ್ಲು. ಎರಡು ಕೈಯಲ್ಲೂ ಲಾಂಡ್ರಿಯ ದೊಡ್ಡ ಕ್ಯಾನು, ಗೋಣಿ ಸುತ್ತಿದ್ದು.

"ಇದೇನಕ್ಕ?"

"ಬಾಯ್ಲರ್ ನೀರು. ಆಸ್ಪತ್ರೇಲಿ ನಿಮಗೆ ಯಾರು ಬಿಸಿನೀರು ಕಾಯಿಸಿ ಕೊಡ್ತಾರೆ?"

"ಮೇಸ್ತ್ರಿ?"

"ನೀನಿಲ್ದೆ ನನಗೂ ಕೆಲಸ ಇಲ್ಲ ಅಂತ ರೂಲು ಮಾಡಿದ್ದು ಅವನೇ ತಾನೇ. ಮತ್ತೆ ಮನೇಲಿ ಕೂತು ಏನು ಮಾಡ್ಲಿ?"

ರೂಮಿಗೆ ಬೀಗ ಇತ್ತು. ಕಾಗದ ಆಗ್ಲೇ ಅಂಟಿಸಿತ್ತು. ಚೀಟಿಯವನು ಬಂದು ನೋಡಿದ್ರೆ ಎಲ್ಲಾ ಮಕ್ಕಳ ಕಾಲಲ್ಲೂ ಪ್ಲಾಸ್ಟರು, ಎಲ್ಲಾರ ಪಕ್ಕದಲ್ಲೂ ಒಂದೊಂದು ಟಬ್ಬು. ಕೆಂಪು, ನೀಲಿ, ಒಂದು ತಗಡಿನದು.

"ಇದೇನು ಸಂತೇನಾ?" ಅಂದ.

ಎಲ್ಲಾರೂ ಟಬ್ಬು ಎತ್ಕೊಂಡು ಎದ್ರು. ಕುಳ್ಳಿ ಮುಂದೆ, ಉದ್ದಕ್ಕ ಅವಳ ಹಿಂದೆ ಕ್ಯಾನು ಹೊತ್ತು, ಆಮೇಲೆ ಉಳಿದೋರು. ಎರಡು ಬೀದಿ ನಡೆದು ಹೋದ್ರು. ಅಂಗಡಿಯೋರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದ್ರು. ಒಬ್ಬ "ಯಾವ ನಲ್ಲೀಲಿ ನೀರು ಬಂದಿದೆ?" ಅಂತ ಕೇಳಿದ. ಉದ್ದಕ್ಕ "ಬರುತ್ತೆ ನೋಡ್ತಿರು" ಅಂದ್ಲು.

ನರ್ಸಿಂಗ್ ಹೋಮಿನ ನೆಲ ಕನ್ನಡಿ ಥರ ಇತ್ತು. ಚಪ್ಪಲಿ ಬಿಡೋದಾ ಬೇಡ್ವಾ ಅಂತ ಒಂದು ಗಳಿಗೆ ಎಲ್ಲಾರೂ ನಿಂತ್ರು. ಆಮೇಲೆ ಅವಳಿ ತಾಯಿ ಚಪ್ಪಲಿ ಹಾಕ್ಕೊಂಡೇ ನಡೆದ್ಲು. ಮೆತ್ತನೆ ಸೋಫಾಗಳಲ್ಲಿ ಮೂರ್ನಾಲ್ಕು ತಾಯಂದಿರು, ಅವರ ಮಡಿಲಲ್ಲೂ ಸೊಟ್ಟಗಾಲಿನ ಕೂಸುಗಳೇ. ಇವರನ್ನ ಕಂಡು ಅವರು ಕಾಲು ಒಳಗೆಳ್ಕೊಂಡ್ರು. ಇವರು ನೆಲದ ಮೇಲೆ ಸಾಲಾಗಿ ಕೂತ್ರು.

ಮೇಜಿನ ಹಿಂದಿದ್ದ ಹುಡುಗಿ ಎದ್ದು ಕೇಳಿದ್ಲು. "ಮೇಡಂ, ಅಪಾಯಿಂಟ್‌ಮೆಂಟ್ ಇದ್ಯಾ?"

"ಇದೆ" ಅಂದ್ಲು ಅವಳಿ ತಾಯಿ. "ಪ್ರತಿ ಬುಧವಾರ ಒಂಬತ್ತು ಗಂಟೆಗೆ. ನಿಮ್ಮ ಡಾಕ್ಟ್ರೇ ಬರೆದು ಕೊಟ್ಟಿದಾರೆ."

ಗಲಾಟೆ ಕೇಳಿ ದೊಡ್ಡ ಡಾಕ್ಟ್ರು ಹೊರಗೆ ಬಂದ್ರು. ಅವರ ಹಿಂದೆ ಬಾಗಿಲಲ್ಲಿ ಪ್ಲಾಸ್ಟರಣ್ಣ, ಮೊಣಕೈ ತನಕ ಬಿಳುಪು.

"ಯಾರು ನಿಮ್ಮನ್ನ ಒಳಗೆ ಬಿಟ್ಟಿದ್ದು? ಇದು ನನ್ನ ಜಾಗ."

"ಜಾಗ ನಿಮ್ಮದೇ ಸಾರ್" ಅಂದ್ಲು ಕುಳ್ಳಿ. "ನಾವು ಜಾಗ ಕೇಳೋಕೆ ಬಂದಿಲ್ಲ. ಆ ಅಣ್ಣನ ಬುಧವಾರ ನಮ್ಮದು. ಒಳಗಿರೋ ಡಬ್ಬದ ರೋಲು ನಮ್ಮದು. ಅದರ ಮೇಲೇ ಬರೆದಿದೆ."

ಸೋಫಾದಲ್ಲಿದ್ದ ಒಬ್ಬಳು ತಾಯಿ ತನ್ನ ಮಗೂನ ಪ್ಲಾಸ್ಟರನ್ನೊಮ್ಮೆ, ಡಾಕ್ಟ್ರನ್ನೊಮ್ಮೆ ನೋಡಿದ್ಲು. ಡಾಕ್ಟ್ರು ದನಿ ಇಳಿಸಿದ್ರು. ಬೆಣ್ಣೆಯಂಥ ದನಿ.

"ನೋಡ್ರಮ್ಮ, ಏನೋ ತಪ್ಪು ತಿಳುವಳಿಕೆ ಆಗಿದೆ. ಮುಂದಿನ ಬುಧವಾರ ನಾನೇ ಖುದ್ದಾಗಿ ಇರ್ತೀನಿ. ಎಲ್ಲಾರಿಗೂ ಮೊದಲು ನಿಮಗೇ. ಮಾತು ಕೊಡ್ತೀನಿ. ಈಗ ಮಕ್ಕಳನ್ನ ಕರ್ಕೊಂಡು ಮನೆಗೆ ಹೋಗಿ. ಹೆಂಗೂ ಪ್ಲಾಸ್ಟರ್ ಇದೆಯಲ್ಲ."

ಸಾಲಲ್ಲಿ ಒಬ್ಬಳು ಏಳೋಕೆ ನೋಡಿದ್ಲು. ಆಟೋದವನು ಟಬ್ಬು ಎತ್ಕೊಂಡ. ಡಾಕ್ಟ್ರ ಬಾಯಿಂದ ಅಷ್ಟು ಒಳ್ಳೇ ಮಾತು ಅವರು ಯಾರೂ ಕೇಳಿರಲಿಲ್ಲ. ಕುಳ್ಳಿ ಅದನ್ನ ನೋಡಿದ್ಲು. ಇವತ್ತು ಎದ್ದು ಹೋದ್ರೆ ಮುಂದಿನ ವಾರ ಒಬ್ಬೊಬ್ಬರನ್ನೇ ಒಳಗೆ ಕರೆದು ಒಬ್ಬೊಬ್ಬರ ಹೆಸರನ್ನೇ ಹೊಡೆದು ಹಾಕ್ತಾರೆ.

ಪ್ಲಾಸ್ಟರಣ್ಣ ಕೂತ ಮೇಲೇ ನೆನೆಸೋದು ಅಂತ ಮಾತಾಗಿತ್ತು. ಆ ಮಾತು ಕಟ್ಟಿದೋಳೇ ಅದನ್ನ ಮುರಿದ್ಲು.

"ಅಕ್ಕ, ನೀರು ಹುಯ್ಯಿ" ಅಂದ್ಲು.

ಉದ್ದಕ್ಕ ಕ್ಯಾನು ಬಗ್ಗಿಸಿದ್ಲು. ಹಬೆ ಎದ್ದಿತು. ಕುಳ್ಳಿ ಮೊಣಕೈ ಅದ್ದಿದ್ಲು, ಒಂದು ಲೋಟ ತಣ್ಣೀರು ಸೇರಿಸಿದ್ಲು, ಮೆಣಸಿ ಕಾಲನ್ನ ಇಳಿಸಿದ್ಲು.

"ಏನಮ್ಮ ಮಾಡ್ತಾ ಇದೀಯಾ?" ಡಾಕ್ಟ್ರ ದನಿಯಿಂದ ಬೆಣ್ಣೆ ಹೋಗಿತ್ತು. "ಬಿಚ್ಚಿದ್ರೆ ನಾನು ಜವಾಬ್ದಾರನಲ್ಲ. ಇದು ಮೂರನೇ ಸಲ. ನಿನ್ನ ಮಗಳ ಹೆಸರು ಇವತ್ತೇ ತೆಗೀತೀನಿ."

"ಬರ್ಕೊಳ್ಳಿ ಸಾರ್. ಎರಡು ಸಲ ನೀವು ಹೇಳಿ ಬಿಚ್ಚಿಸಿದ್ದನ್ನ ನನ್ನ ತಪ್ಪು ಅಂತ ಬರೆದ್ರಿ. ಈ ಸಲ ನಿಜವಾಗ್ಲೂ ನಾನೇ ಬಿಚ್ತಾ ಇದೀನಿ. ನಿಮ್ಮ ಕಣ್ಣೆದುರಿಗೇ. ಅದರ ಜೊತೆಗೆ ನಾನು ಎಲ್ಲಿ ಕೂತು ಬಿಚ್ಚಿದೆ ಅನ್ನೋದನ್ನೂ ಬರ್ಕೊಳ್ಳಿ."

ಅವಳು ಹೇಳಿದ್ದು ಅಷ್ಟೇ. ಪ್ಲಾಸ್ಟರಣ್ಣ ಬರ್ದೇ ಇದ್ರೆ ಮಗಳ ಕಾಲು ಮತ್ತೆ ಬರಿದು, ಹೆಸರೂ ಇಲ್ಲ, ಇನ್ನು ಯಾವ ಬಾಗಿಲೂ ಇಲ್ಲ. ಬಾಲ ಸಿಕ್ತು. ಒಂದೊಂದೇ ಸುತ್ತು ಬಿಚ್ಚಿದ್ಲು. ಆ ಕನ್ನಡಿಯಂಥ ನೆಲದ ಮೇಲೆ ಬಿಳೀ ನೀರು ಹರೀತು. ಪಾದ ಹೊರಗೆ ಬಂತು, ಚಳಿಗೆ ಬೆರಳು ಅರಳಿಸ್ತು. ಮೆಣಸಿ ತನ್ನ ಹೆಸರಿಗೆ ತಕ್ಕ ಹಾಗೆ ಕಿರುಚಿತು.

ಅವಳು ತಲೆ ಎತ್ತಿ ಬಾಗಿಲ ಕಡೆ ನೋಡಿದ್ಲು.

ಪ್ಲಾಸ್ಟರಣ್ಣ ಅಲ್ಲಿರಲಿಲ್ಲ.

ಕುಳ್ಳಿ ಮಗೂನ ಬರಿಗಾಲನ್ನ ಸೆರಗಲ್ಲಿ ಸುತ್ಕೊಂಡ್ಲು. ಅಷ್ಟರಲ್ಲಿ ಒಳಗಿಂದ ಅವನು ಬಂದ. ಕೈಯಲ್ಲಿ ಕೆಂಪು ಸೀಲಿನ ಡಬ್ಬ, ಕಂಕುಳಲ್ಲಿ ಹತ್ತಿ ಉಂಡೆ.

"ಒಳಗೆ ಹೋಗಯ್ಯ ನೀನು" ಅಂದ್ರು ಡಾಕ್ಟ್ರು. "ಅಲ್ಲಿ ಕೂತ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

"ನಾಳೆಯಿಂದ ತಾನೇ ಸಾರ್" ಅಂದ ಅವನು. "ಇವತ್ತು ಬುಧವಾರ."

ಅವನು ನೆಲದ ಮೇಲೆ ಕೂತ. ರೋಲಿನ ಕವರನ್ನ ಹಲ್ಲಲ್ಲಿ ಕಚ್ಚಿ ಹರಿದ. "ಹಿಡ್ಕೋ ತಾಯಿ" ಅಂದ. ಕುಳ್ಳಿ ಹೆಬ್ಬೆರಳು ಗುಬುಟಿನ ಮೇಲಿಟ್ಟು ಮುಂಗಾಲು ಹೊರಕ್ಕೆ ತಿರುಗಿಸಿ ಹಿಡಿದ್ಲು. ಅವನು ಸುತ್ತಿದ. ಏಳೋಕೆ ನೋಡಿದ್ದೋಳು ಮತ್ತೆ ಕೂತ್ಲು. ಆಟೋದವನು ಟಬ್ಬು ಕೆಳಗಿಟ್ಟ.

ಪೊಲೀಸರು ಬರೋ ಹೊತ್ತಿಗೆ ಕುಳ್ಳಿ ಮೆಣಸಿಯ ಕಾಲು ಹಿಡ್ಕೊಂಡೇ ಕೂತಿದ್ಲು. ಇಬ್ಬರು ಬಂದಿದ್ರು. ಹಿರಿಯನ ಮೀಸೆ ಅರ್ಧ ಬೆಳ್ಳಗಾಗಿತ್ತು. ಡಾಕ್ಟ್ರು ಬೆರಳು ಮಾಡಿ ತೋರಿಸ್ತಾ ಏನೇನೋ ಹೇಳಿದ್ರು. ಅತಿಕ್ರಮಣ, ಆಸ್ತಿ, ದೊಂಬಿ.

"ಏಳಮ್ಮ. ಎಲ್ಲಾ ಎದ್ದೇಳಿ" ಅಂದ ಹಿರಿಯ ಪೊಲೀಸು.

"ಏಳ್ತೀವಿ ಸಾರ್. ಇದು ಇನ್ನೂ ಹಸಿ ಇದೆ" ಅಂದ್ಲು ಕುಳ್ಳಿ. "ಒಣಗೋ ತನಕ ಕೈ ಬಿಡೋ ಹಂಗಿಲ್ಲ. ಬಿಟ್ರೆ ಕಾಲು ಸೊಟ್ಟಗೇ ಕೂತುಬಿಡುತ್ತೆ."

ಅವನು ಬಗ್ಗಿ ಆ ಪಾದಾನ, ಅದನ್ನ ಹಿಡಿದಿದ್ದ ಆ ಪುಟ್ಟ ಕೈನ ನೋಡಿದ. "ಎಷ್ಟು ಹೊತ್ತು?"

"ಹತ್ತು ನಿಮಿಷ" ಅಂದ ಪ್ಲಾಸ್ಟರಣ್ಣ.

ಪೊಲೀಸು ಗಡಿಯಾರ ನೋಡ್ಕೊಂಡ. "ಸರಿ. ಇದೊಂದು ಒಣಗ್ಲಿ. ಆಮೇಲೆ ಎಲ್ಲಾ ಹೊರಗೆ."

ಅವನ ಬೆನ್ನ ಹಿಂದೆ ಉದ್ದಕ್ಕ ಎರಡನೇ ಟಬ್ಬಿಗೆ ನೀರು ಹುಯ್ದಳು. ಅವಳಿ ತಾಯಿ ಮೊಣಕೈ ಅದ್ದಿ ನೋಡಿ, ಮೊದಲನೇ ಮಗೂನ ಕಾಲು ಇಳಿಸಿದ್ಲು.